ನೀಲಮ್ಮ ಕಾಕು ಮತ್ತು ಆವಾಜಿನ ಗುಂಡಿ

ನೀಲಮ್ಮ ಕಾಕು ಯಾರ ಮನೆಯ ತೊಟ್ಟಿಲ ಕಾರ್ಯಕ್ಕೆ ಹೋದರೂ ಮೊದಲು ಕೇಳುತ್ತಿದ್ದದ್ದು ಒಂದು ತಾಟು ನೀರು. ಹೊಸಬರು, ಪಾಪ, ಬಿಸಿಲಲ್ಲಿ ಬಂದಿದ್ದಾರೆ, ಕಾಲು ತೊಳೆಯುವುದಕ್ಕಿರಬೇಕು ಎಂದುಕೊಂಡು ತಂಬಿಗೆ ತುಂಬಿ ತರುತ್ತಿದ್ದರು. “ತಂಬಿಗಿ ಅಲ್ಲವ್ವಾ, ತಾಟಿನ್ಯಾಗ ಹಾಕಿ ತಾ” ಎಂದು ಕಾಕು ಬರೀ ಗಾಳಿಯಂಥ ದನಿಯಲ್ಲಿ ಹೇಳುವರು. ತಾಟನ್ನು ಸ್ಟೂಲಿನ ಮೇಲಿಟ್ಟು, ಬಗ್ಗಿ, ನೀರು ಯಾವ ಅಂಚಿಗೆ ಸರಿದಿದೆ ಎಂದು ನೋಡುವರು. ಸ್ಟೂಲಿನ ಕಾಲಿಗೆ ಮಡಿಸಿದ ರಟ್ಟು ಕೊಟ್ಟು, ನೀರು ಸುತ್ತಲೂ ಸಮ ನಿಂತ ಮೇಲೆ ತಾಟು ತೆಗೆದು, ಸೆರಗಿನಿಂದ ಒರೆಸಿ, ಕೌದಿಯಲ್ಲಿ ಸುತ್ತಿ ತಂದ ಸಿ.ಡಿ. ಪ್ಲೇಯರನ್ನು ಅಲ್ಲಿ ಇಡುತ್ತಿದ್ದರು.

“ಡಬ್ಬಿ ವಾಲಿದರ ಹಾಡ ಎಡವತದ” ಎನ್ನುವುದು ಅವರ ಸಿದ್ಧಾಂತ. ಅದು ಎಷ್ಟು ನಿಜವೋ ನಾನು ಯಾರನ್ನೂ ಕೇಳಲು ಹೋಗಲಿಲ್ಲ. ತೊಟ್ಟಿಲ ಆಚೆಗೊಂದು ಈಚೆಗೊಂದು ಸ್ಪೀಕರ್ ಇಟ್ಟು, ಹಿಂದಿನ ತೂತುಗಳಿಗೆ ಕೆಂಪು ವಾಯರು, ಕರಿ ವಾಯರು ಸಿಕ್ಕಿಸುವುದು ನನ್ನ ಕೆಲಸ. ಸಿ.ಡಿ. ಮುಟ್ಟುವ ಅಧಿಕಾರ ಮಾತ್ರ ನನಗಿರಲಿಲ್ಲ. ಅದನ್ನು ಕಾಕುವೇ ಅಂಚು ಹಿಡಿದು ಎತ್ತಿ, ಹಳೆಯ ಧೋತರದ ತುಂಡಿನಿಂದ ಒರೆಸುವರು. ಒಮ್ಮೆ ನಾನು ಕನ್ನಡಿ ಒರೆಸಿದಂತೆ ಗುಂಡಗೆ ಒರೆಸಲು ಹೋಗಿ ಬೈಸಿಕೊಂಡೆ. “ಸಾಲೀ ಕಲಸ್ತಿ, ಇಷ್ಟ ತಿಳಿಯಂಗಿಲ್ಲೇನ ನಿನಗ? ನಡುವಿನಿಂದ ಅಂಚಿಗಿ ಒರಸು. ಗೋಲ್ ತಿರುವಿದ್ರ ಗೀರ ಬೀಳತದ.”

ಗಡಿಯಾಚೆಯ ಉಮರ್ಗಾದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇರುವುದು ಒಂದೇ ಗೋಡೆ. ನಾನು ಭಾಲ್ಕಿ ಕಡೆಯಿಂದ ಮದುವೆಯಾಗಿ ಬಂದವಳು. ದಿನವೆಲ್ಲ ಶಾಲೆಯಲ್ಲಿ ಮರಾಠಿಯಲ್ಲಿ ಪಾಠ ಹೇಳಿ ಮನೆಗೆ ಬಂದರೆ, ಗೋಡೆಯಾಚೆ ಕಾಕು ಅಕ್ಕಿ ಆರಿಸುತ್ತ ಕನ್ನಡದಲ್ಲಿ ಹಾಡುವುದು ಕೇಳಿ ತವರಿಗೆ ಬಂದಂತೆ ಆಗುತ್ತಿತ್ತು. ನಮ್ಮ ಭಾಗದಲ್ಲಿ ಅಂಗಡಿಯ ಲೆಕ್ಕ ಮರಾಠಿ, ಬಸ್‌ಸ್ಟ್ಯಾಂಡಿನ ಜಗಳ ಮರಾಠಿ, ಮಕ್ಕಳ ಆಟವೂ ಮರಾಠಿ. ತೊಟ್ಟಿಲಿಗೆ ಮಾತ್ರ ಕನ್ನಡವೇ ಬೇಕು ಎನ್ನುವ ಮನೆಗಳು ಇನ್ನೂ ಇವೆ. ಮುರುಮ, ನಿಲಂಗಾ, ಉದಗೀರ ಎಲ್ಲೆಲ್ಲಿಂದಲೋ ಅಂಥವರು ಕಾಕುವನ್ನು ಕರೆಯುತ್ತಿದ್ದರು. ತೊಟ್ಟಿಲ ಹಾಡನ್ನು ಅವರೇ ಕಟ್ಟಿದ್ದರು. ಅದರ ನಡುವೆ ಒಂದು ಪ್ರಶ್ನೆ ಬರುತ್ತದೆ: “ಯಾರ ಬಂದಾರವ್ವ ತೊಟ್ಟಲಕ, ಯಾರ ಬಂದಾರ?” ಆಗ ಕಾಕು ಆ ಮನೆಯ ಕೂಸಿನ ಹೆಸರು ಸೇರಿಸಿ ಎರಡು ಸಲ ಉತ್ತರ ಹಾಡುವರು.

ಅವರ ಮಗ ಮಲ್ಲಿನಾಥನಿಗೆ ಬಟ್ಟೆ ಅಂಗಡಿ. ಅವನಿಗೂ ಹೆಂಡತಿ ಸುನಂದಾಳಿಗೂ ಬಹಳ ಕಾಯ್ದ ಮೇಲೆ ಹೆಣ್ಣು ಕೂಸು ಹುಟ್ಟಿತು. ಕಸ್ತೂರಿ ಎಂದು ಹೆಸರಿಟ್ಟರು. ಆ ದಿನ ಕಾಕು ಹಾಡಿದ್ದನ್ನು ಫೋಟೊ ಸ್ಟುಡಿಯೊದವರು ಹಿಡಿದುಕೊಂಡು ಸಿ.ಡಿ. ಮಾಡಿಕೊಟ್ಟರು. ಹಾಡಿನ ಹಿಂದೆ ಬಳೆಗಳ ಸದ್ದು, ಒಳಮನೆಯಲ್ಲಿ ಕುಕ್ಕರ್ ಕೂಗಿದ್ದು, ಯಾರೋ ಲೋಟ ಬೀಳಿಸಿದ್ದು ಎಲ್ಲ ಅದರಲ್ಲಿ ಬಂದಿದೆ. ಆ ಕೂಸು ವರ್ಷ ತುಂಬುವ ಮೊದಲೇ ಜ್ವರ ಬಂದು ತೀರಿಕೊಂಡಿತು. ಮುಂದೆ ಕಾಕುವಿನ ಗಂಟಲಲ್ಲಿ ಗಂಟು ಬೆಳೆಯಿತು. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹಾಗೆಯೇ ಆಯಿತು.

ಅದಾದ ಮೇಲೆ ನಮ್ಮದೇ ಗಲ್ಲಿಯ ಒಂದು ತೊಟ್ಟಿಲ ಕಾರ್ಯಕ್ಕೆ ಅವರನ್ನು ಕರೆದರು. ಮರ್ಯಾದೆಯಿಂದ ಮುಂದೆ ಕೂಡಿಸಿದರು, ಕೈಗೆ ಗುಗ್ಗರಿ ಕೊಟ್ಟರು. ಬೇರೆ ಯಾವುದೋ ತೊಟ್ಟಿಲ ಹಾಡನ್ನು ಯಾರದೋ ಮೊಬೈಲಿನಲ್ಲಿ ಹಚ್ಚಿದರು. ಕಾಕು ಗುಗ್ಗರಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ನನ್ನ ಅಡುಗೆಮನೆಯ ಹೊಸ್ತಿಲ ಮೇಲೆ ಕೂತರು. “ಸುಮಾ, ಇವತ್ತ ನನಗ ಸತ್ತವರ ಫೋಟೊ ಕೂಡಿಸಿದಂಗ ಕೂಡಿಸಿದ್ರು” ಎಂದರು. ಮುಂದಿನ ಕಾರ್ಯಕ್ಕೆ ಡಬ್ಬಿ, ಸಿ.ಡಿ. ಕಟ್ಟಿದ ಕೌದಿಯ ಗಂಟು ಹೊತ್ತುಕೊಂಡು ಹೊರಟೇಬಿಟ್ಟರು.

ಆದರೆ ಆ ಸಿ.ಡಿ.ಯಲ್ಲಿದ್ದದ್ದು ಕಸ್ತೂರಿಯ ಹೆಸರು. ಇಲ್ಲವಾದ ಕೂಸಿನ ಹೆಸರನ್ನು ಇನ್ನೊಂದು ಕೂಸಿನ ತೊಟ್ಟಿಲ ಮುಂದೆ ಕೇಳಿಸಲು ಯಾರಿಗೆ ಮನಸ್ಸು ಬರುತ್ತದೆ? ಅದಕ್ಕೇ ಕಾಕು ಹಾಡು ಶುರುವಾದಾಗಿನಿಂದ ಆವಾಜಿನ ಗುಂಡಿಯ ಮೇಲೆ ಕೈ ಇಟ್ಟೇ ಇರುತ್ತಿದ್ದರು. “ಯಾರ ಬಂದಾರ?” ಎಂದು ಡಬ್ಬಿ ಕೇಳಿದ ಕೂಡಲೇ ಗುಂಡಿಯನ್ನು ಪೂರಾ ಕೆಳಗೆ ತಿರುವುವರು. ಸಿ.ಡಿ. ಒಳಗೆ ಸದ್ದಿಲ್ಲದೆ ತಿರುಗುತ್ತಿರುತ್ತದೆ. ಆ ಹೊತ್ತಿಗೆ ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಬೇಕು, ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಿ ಆ ಹೆಸರು ಹಾಡಬೇಕು. ಅಲ್ಲಿಗೆ ಸರಿಯಾಗಿ ಕಾಕು ಮತ್ತೆ ಗುಂಡಿ ಏರಿಸುವರು, ಹಾಡು ಮುಂದಿನ ಸಾಲಿಗೆ ಬಂದಿರುತ್ತಿತ್ತು. ಒಂದು ಅಕ್ಷರ ಹಿಂದೆ ಇಲ್ಲ, ಮುಂದೆ ಇಲ್ಲ.

ಇದು ಹೇಗೆ ಸಾಧ್ಯ ಎಂದು ನನಗೆ ಉದಗೀರದಲ್ಲಿ ತಿಳಿಯಿತು. ಎಲ್ಲರ ಕಣ್ಣೂ ತೊಟ್ಟಿಲ ಮೇಲಿತ್ತು. ಸಡಿಲಾದ ವಾಯರು ಒತ್ತಿ ಹಿಡಿದು ನಾನು ಕಾಕುವಿನ ಕಾಲ ಬಳಿ ಕೂತಿದ್ದೆ. ಹೆಂಗಸರು “ಓಂಕಾರ ಬಂದಾನ” ಎಂದು ಕೂಗುತ್ತಿದ್ದಾಗ ತಲೆ ಎತ್ತಿದರೆ, ಕಾಕುವಿನ ತುಟಿಗಳು ಆಡುತ್ತಿದ್ದವು. ಕಸ್ತೂರಿ ಬಂದಾಳ, ಕಸ್ತೂರಿ ಬಂದಾಳ. ಎರಡು ಸಲ. ಆಮೇಲೆ ಕೈ ಗುಂಡಿಯನ್ನು ಏರಿಸಿತು. ಮರಳಿ ಬರುವಾಗ ಎಸ್.ಟಿ. ಬಸ್ಸಿನಲ್ಲಿ ಡಬ್ಬಿ ಅವರ ತೊಡೆಯ ಮೇಲಿತ್ತು. ನಾನು ವಾಯರುಗಳನ್ನು ಸುತ್ತಿ ಕಟ್ಟುತ್ತ ಕೂತೆ.

ಮಲ್ಲಿನಾಥನಿಗೆ ಇದೆಲ್ಲ ಸೇರುತ್ತಿರಲಿಲ್ಲ. “ಅವ್ವಾ, ಕಂಪ್ಯೂಟರ್‌ದಾಗ ಹಾಕಿ ಆ ಹೆಸರಷ್ಟ ತೆಗಸ್ತೀನಿ. ಹಾಡ ಮೊಬೈಲಿಗಿ ಬರತದ. ನೀ ಈ ವಜ್ಜಿ ಹೊತ್ಗೊಂಡ ತಿರಗೋದ ತಪ್ಪತದ” ಎಂದು ಎಷ್ಟೋ ಸಲ ಹೇಳಿದ. ಕಾಕು ಬೇಡವೆಂದು ತಲೆಯಾಡಿಸುತ್ತಿದ್ದರು. ನನ್ನ ಮುಂದೆ ಮಾತ್ರ ಹೇಳಿದರು: “ಹೆಸರ ತೆಗದ್ರ ಹಾಡ ತಾನೇ ನಡೀತದ. ಆಮ್ಯಾಲ ನನಗ ಯಾಕ ಕರೀತಾರ? ನನ್ನ ಕೈಗಿ ಅದೊಂದ ಕೆಲಸ ಅದ. ಆ ಕೂಸಿಗೂ ಅದೊಂದ ಜಾಗ ಅದ.”

ಆ ಕೈ ತಪ್ಪಿದ್ದು ಒಂದೇ ಸಲ, ಕಾಸಾರಶಿರಸಿಯಲ್ಲಿ. ತಪ್ಪು ಅವರದಲ್ಲ. ಮನೆ ಚಿಕ್ಕದು, ಮಂದಿ ಬಹಳ. ಯಾರೋ ತೊಟ್ಟಿಲನ್ನು ಜೋರಾಗಿ ತೂಗಿದರು, ಅದು ಬಂದು ಸ್ಟೂಲಿಗೆ ಬಡಿಯಿತು. ಸಿ.ಡಿ. ಜಿಗಿದು, ಪ್ರಶ್ನೆ ಬರುವ ಮೊದಲೇ ಉತ್ತರಕ್ಕೆ ಹೋಯಿತು. “ಕಸ್ತೂರಿ ಬಂದಾಳ” ಎಂದು ಕಾಕುವಿನ ಹಳೆಯ ತುಂಬು ದನಿ ಆ ಮನೆಯ ತುಂಬ ಕೇಳಿತು. ಗುಂಡಿ ತಿರುವಿದರು, ಆದರೆ ಆಗಿದ್ದು ಆಗಿಹೋಗಿತ್ತು.

“ಹೇ ಕಾಯ್ ಝಾಲಂ, ಏನಾತಿದು? ಯಾರ ಹೆಸರ ಅದು?” ಎಂದಳು ಕೂಸಿನ ಅಜ್ಜಿ.

ಬೇರೆ ಯಾರಾದರೂ ಏನಾದರೂ ಹೇಳಿ ಜಾರಿಕೊಳ್ಳುತ್ತಿದ್ದರು. ಕಾಕು ಎದ್ದು ನಿಂತರು. “ನನ್ನ ಮಮ್ಮಗಳದ್ರೀ. ಈಗ ಇಲ್ಲ ಆಕಿ.”

ಅಜ್ಜಿ ಕೂಸನ್ನು ತೊಟ್ಟಿಲಿನಿಂದ ಎತ್ತಿಕೊಂಡು ಒಳಗೆ ನಡೆದಳು. ಕೂಸಿನ ತಾಯಿ ನಡುಮನೆಯಲ್ಲಿ ಅತ್ತ ಹೋಗಲಾರದೆ ಇತ್ತ ನಿಲ್ಲಲಾರದೆ ನಮ್ಮನ್ನೇ ನೋಡುತ್ತಿದ್ದಳು. ನಾವು ವಾಯರು ಸುತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದೆವು.

ಡಬ್ಬಿ ಅಟ್ಟಕ್ಕೇರಿತು. ಕಾಕು ಯಾರ ಕರೆಗೂ ಹೊರಡಲಿಲ್ಲ. ಒಂದು ದಿನ ಗೋಡೆ ತಟ್ಟಿ ನನ್ನನ್ನು ಕರೆದು, “ಮಲ್ಲೂಗ ಹೇಳ್ತೀನಿ, ಹೆಸರ ತೆಗಸಿಬಿಡಂತ. ಇನ್ನೊಬ್ಬರ ಕೂಸಿನ ಜೀವದ ಮಾತು” ಎಂದರು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಈಗಲೂ ಹೇಳಲಾರೆ.

ಮಲ್ಲಿನಾಥ ಸಿ.ಡಿ. ಒಯ್ಯುವ ಮೊದಲೇ ಕಾಸಾರಶಿರಸಿಯ ಆ ತಾಯಿ ನಮ್ಮ ಗಲ್ಲಿಗೆ ವಿಚಾರಿಸಿಕೊಂಡು ಬಂದಳು. ಕಂಕುಳಲ್ಲಿ ಅದೇ ಕೂಸು. ಮಾತಾಡುವ ಮೊದಲು ಕೂಸನ್ನು ಕಾಕುವಿನ ತೊಡೆಯ ಮೇಲೆ ಕೂಡಿಸಿದಳು. “ನೋಡ್ರಿ ಕಾಕು, ಎರಡ ಹಲ್ಲ ಬಂದಾವ. ಏನೂ ಆಗಿಲ್ಲ ಇಕಿಗಿ. ಅಕ್ಕನ ಹೆಸರ ಕೇಳ್ಯಾಳ, ಅಷ್ಟೇ. ನಿಲಂಗಾದಾಗ ನನ್ನ ತಂಗಿ ಮಗಂದು ತೊಟ್ಟಲಾ ಅದ. ನೀವು ಬರಬೇಕ್ರಿ. ಆವತ್ತ ಕೂಸಿನ ಎತ್ಗೊಂಡ ಒಳಗ ಹೋದ ನಮ್ಮತ್ತಿನೇ ಕಳಿಸ್ಯಾರ.”

ಕೂಸು ಕಾಕುವಿನ ಮೂಗುಬೊಟ್ಟು ಹಿಡಿದು ಜಗ್ಗುತ್ತಿತ್ತು. ಕಾಕು ಬಿಡಿಸಿಕೊಳ್ಳಲಿಲ್ಲ. ಕಣ್ಣೀರು ಮೂಗಿನ ಪಕ್ಕದಿಂದ ಇಳಿದು ಆ ಪುಟ್ಟ ಕೈ ತೋಯಿಸಿತು. “ಸುಮಾ, ಡಬ್ಬಿ ಇಳಿಸು” ಎಂದರು. ನಿಲಂಗಾದಲ್ಲಿ ಮತ್ತೆ ಒಂದು ತಾಟು ನೀರು ಕೇಳಿದರು. ಈ ಸಲ ಸ್ಟೂಲನ್ನು ತೊಟ್ಟಿಲಿನಿಂದ ದೂರ ಇರಿಸಿದರು.

ಕಳೆದ ವರ್ಷ ಗಂಟಲ ಗಂಟು ಮತ್ತೆ ಕಾಣಿಸಿಕೊಂಡಿತು. ಈ ಸಲ ಡಾಕ್ಟರು ಯಾವ ಮಾತನ್ನೂ ಕೊಡಲಿಲ್ಲ. ಕೊನೆಯ ಬಾರಿ ನಾನು ಶಾಲೆಯಿಂದ ಬಂದವಳು ನೇರ ಅವರ ಮನೆಗೆ ಹೋದಾಗ, ಮಂಚದ ಮೇಲಿದ್ದ ಕಾಕು ಅಟ್ಟದ ಕಡೆ ಕೈ ತೋರಿಸಿದರು. ಡಬ್ಬಿ ಇಳಿಸಿದೆ. ಕೇಳದಿದ್ದರೂ ತಾಟಿನಲ್ಲಿ ನೀರು ತಂದು ಸ್ಟೂಲ್ ಸಮ ಮಾಡಿದೆ. ಕಾಕು ನಕ್ಕರು. ಮೊದಲ ಸಲ ಸಿ.ಡಿ. ನನ್ನ ಕೈಗೆ ಕೊಟ್ಟರು. ನಡುವಿನಿಂದ ಅಂಚಿಗೆ ಒರೆಸಿ ಹಾಕಿದೆ.

ಬಳೆಗಳು ಕೇಳಿದವು, ಕುಕ್ಕರ್ ಕೂಗಿತು, ಲೋಟ ಬಿತ್ತು, ಕಾಕುವಿನ ದನಿ ಏರಿತು. “ಯಾರ ಬಂದಾರವ್ವ ತೊಟ್ಟಲಕ, ಯಾರ ಬಂದಾರ?” ಕಾಕು ಮಾಡುತ್ತಿದ್ದ ಹಾಗೆಯೇ ನನ್ನ ಕೈ ಗುಂಡಿಗೆ ಹೋಯಿತು. ಕಾಕು ನನ್ನ ಮುಂಗೈ ಹಿಡಿದರು. ಅಷ್ಟು ಬಲ ಎಲ್ಲಿತ್ತೋ.

“ಇವತ್ತ ಬಿಡು. ಇಲ್ಲಿ ಯಾರ ಕೂಸೂ ಇಲ್ಲ.”

ಕಸ್ತೂರಿ ಬಂದಾಳ, ಕಸ್ತೂರಿ ಬಂದಾಳ ಎಂದು ಮನೆಯ ತುಂಬ ಹಾಡು ಕೇಳಿತು. ಒಳಗೆ ಸುನಂದಾ ತೊಳೆಯುತ್ತಿದ್ದ ಪಾತ್ರೆಗಳ ಸದ್ದು ನಿಂತಿತು. ಬಾಗಿಲಲ್ಲಿ ಮಲ್ಲಿನಾಥ ಚೌಕಟ್ಟು ಹಿಡಿದು ನಿಂತಿದ್ದ. ಮಗಳ ಹೆಸರನ್ನು ಅವನು ತೆಗೆಸಲು ಹೊರಟದ್ದು ಅವ್ವನ ವಜ್ಜೆ ಇಳಿಸಲು ಅಲ್ಲ, ಅದನ್ನು ಕೇಳಲಾರದೆ ಎಂದು ಅವನ ಮುಖ ನೋಡಿದಾಗ ನನಗೆ ಅರ್ಥವಾಯಿತು. ಅವನು ಒಳಗೆ ಬಂದು ತಾಯಿಯ ಕಾಲ ಬಳಿ ಕೂತ. “ಅವ್ವಾ, ಮತ್ತೊಮ್ಮಿ ಹಚ್ಚಸು” ಎಂದ.

ಕಾಕು ಹೋದ ಮೇಲೆ ಮಲ್ಲಿನಾಥ ಕೌದಿ ಸಮೇತ ಡಬ್ಬಿಯನ್ನು ನನ್ನ ಮನೆಗೆ ತಂದುಕೊಟ್ಟ. ಹೆಸರು ತೆಗೆಸುವ ಮಾತನ್ನು ಅವನು ಆಡಲಿಲ್ಲ. ಹಾಗಾಗಿ ಈಗ ಕರೆ ಬಂದರೆ ನಾನು ಹೋಗುತ್ತೇನೆ.

ಮೊನ್ನೆ ಮುರುಮದಲ್ಲಿ ಒಂದು ತಾಟು ನೀರು ಕೇಳಿದೆ. ತಂಬಿಗೆ ತಂದರು, ತಾಟಿನಲ್ಲಿ ಹಾಕಿಸಿದೆ. ಹಾಡು ಪ್ರಶ್ನೆಗೆ ಬಂದಾಗ ಗುಂಡಿ ಕೆಳಗೆ ತಿರುವಿದೆ. ಹೆಂಗಸರು ಸೋದರತ್ತೆಯ ಬೆನ್ನಿಗೆ ಗುದ್ದುತ್ತ ಹೊಸ ಹೆಸರು ಕೂಗುತ್ತಿದ್ದರು, ಎಲ್ಲರ ಕಣ್ಣೂ ತೊಟ್ಟಿಲ ಮೇಲಿತ್ತು. ನಾನು ಸದ್ದಿಲ್ಲದೆ ತುಟಿ ಆಡಿಸಿದೆ. ಒಂದು ಸಲ, ಕಸ್ತೂರಿ ಬಂದಾಳ. ಎರಡನೆಯ ಸಲಕ್ಕೆ ನಾನು ಅಂದುಕೊಳ್ಳದೆಯೇ ತುಟಿಗೆ ಬಂದದ್ದು ಬೇರೆ ಹೆಸರು: ನೀಲಮ್ಮ ಬಂದಾಳ. ಆಮೇಲೆ ಗುಂಡಿ ಏರಿಸಿದೆ.