ಮಲ್ಲೇಶಣ್ಣನದು ಹಾರ್ಟ್ ಅಟ್ಯಾಕ್ ಅಲ್ಲ

ಬೆಳಿಗ್ಗೆ ಆರೂವರೆಗೆ ಫೋನ್ ಮಾಡಿ, "ನಿಮ್ ಹಸ ನಮ್ ಕಾಫಿ ಕಣದಾಗೆ ನಿಂತೈತೆ, ಹೊಡ್ಕೊಂಡು ಹೋಗೋ" ಎಂದು ನನ್ನನ್ನು ಬೈದ ಮನುಷ್ಯ...
ಎಂಟೂವರೆಗೆ ಮಾತಿಲ್ಲ. ಮಧ್ಯಾಹ್ನಕ್ಕೆ ಮನುಷ್ಯನೇ ಇಲ್ಲ.
ಹೇಗೆ ನಂಬಲಿ...
ಫೋನಿನ ಕಾಲ್ ಲಿಸ್ಟ್‌ನಲ್ಲಿ ಅವನ ಹೆಸರು ಇನ್ನೂ ಹಾಗೇ ಇದೆ.

ನಮ್ಮ ಮಲ್ಲೇಶಣ್ಣ.
ಹಾನುಬಾಳಿನ ಹತ್ತಿರದ ಎಸ್ಟೇಟಿನಲ್ಲಿ ಇಪ್ಪತ್ತೆರಡು ವರ್ಷದಿಂದ ರೈಟರ್. ಆಳುಗಳ ಹಾಜರಿ ಹಿಡಿದು, ಕೆಲಸ ಹಂಚಿ, ಕಾಫಿ ಸ್ಟೋರಿನ ಬೀಗ ಕಾಯುತ್ತಿದ್ದವನು. ಬೇಲಿಯ ಈಚೆಗಿನ ಎಸ್ಟೇಟಿಗೆ ನಾನು ರೈಟರ್.

ಗ್ರೂಪಿನಲ್ಲಿ ಎಲ್ಲರೂ "ಹಾರ್ಟ್ ಅಟ್ಯಾಕ್ ಅಂತೆ" ಎಂದು ಹಾಕುತ್ತಿದ್ದೀರಿ...
ಫೋನ್ ಮಾಡಿ ಕೇಳಿದವರಿಗೆಲ್ಲ ನಾನೂ ಹೂಂ ಅಂದಿದ್ದೇನೆ.

ನಾನೀಗ ಹಾಸನದ ಆಸ್ಪತ್ರೆಯಲ್ಲಿ, ಪೋಸ್ಟ್‌ಮಾರ್ಟಂ ಕೋಣೆಯ ಹೊರಗೆ ಕೂತಿದ್ದೇನೆ. ಮನೆಯವರ ಪರವಾಗಿ ಸಹಿ ಹಾಕಬೇಕಾದವನು ನಾನು, ಎದ್ದು ಹೋಗುವಂತಿಲ್ಲ. ಪಕ್ಕದಲ್ಲಿ ಮಲ್ಲೇಶಣ್ಣನ ಹೆಂಡತಿ ಸುಶೀಲಕ್ಕ.
ಡಾಕ್ಟರು ನಮ್ಮಿಬ್ಬರನ್ನು ಮಾತ್ರ ಒಳಗೆ ಕರೆದು ಹೇಳಿದರು. ಮುಚ್ಚಿದ ರೂಮಿನಲ್ಲಿ ಗ್ಯಾಸ್ ಹೀಟರ್ ಉರಿಸಿದ್ದಾರೆ, ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡಿದೆ, ಎಂದು.

ಹೊರಗೆ ಬಂದ ಮೇಲೆ ಸುಶೀಲಕ್ಕ ನನ್ನ ಕೈ ಹಿಡಿದುಕೊಂಡರು.
"ಹೀಟರ್ ತಂದ್ಕೊಟ್ಟೋನು ನೀನು ಅಂತ ಜನಕ್ಕೆ ಗೊತ್ತಾದ್ರೆ ನಿನ್ನ ಬಾಳಕ್ಕೆ ಬುಡಲ್ಲ ಕಣೋ ದಿನೇಶ. ಅವ್ರಂತೂ ಹೋಗ್ಬುಟ್ರು. ಹಾರ್ಟ್ ಅಂತ್ಲೇ ಇರ್ಲಿ."

ಗಂಡ ಹೋದ ದಿನ ನನ್ನನ್ನು ಉಳಿಸಲು ನೋಡುತ್ತಿದ್ದಾರೆ ಆ ತಾಯಿ...
ನಾನು ಹೂಂ ಅಂದುಬಿಟ್ಟೆ.


ಮಲ್ಲೇಶಣ್ಣ...
ಸ್ಟೋರಿನ ಬಾಗಿಲಲ್ಲಿ ನಿಂತೇ, ಒಳಗಿನ ಯಾವ ಮೂಟೆ ಹುಳಿ ಹೊಡೆದಿದೆ ಎಂದು ಹೇಳುತ್ತಿದ್ದವನು ನೀನು. ಓನರ್‌ಗಳೇ ಬೊಗಸೆಯಲ್ಲಿ ಬೀಜ ತಂದು ನಿನ್ನ ಮೂಗಿನ ಮುಂದೆ ಹಿಡಿಯುತ್ತಿದ್ದರು.
ನಿನ್ನ ಆಫೀಸಿಗೆ ಹೀಟರ್ ಬಂದ ದಿನ ನೀನೇ ಪೈಪಿಗೂ ರೆಗ್ಯುಲೇಟರಿಗೂ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುತ್ತದಾ ಎಂದು ಕೂತು ನೋಡಿದೆ. ಒಂದು ಗುಳ್ಳೆಯೂ ಇಲ್ಲ. ಕಿಟಕಿ ತೆರೆದಿಡಿ ಎಂದು ಅದರ ಜೊತೆ ಬಂದ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ನಾನೇ ಓದಿ ಹೇಳಿದೆ. ನೀನು ನಕ್ಕೆ.
"ಕಿಟ್ಕಿ ತೆಗ್ದು ಹಚ್ಚಾದಾದ್ರೆ ಹೀಟರ್ ಯಾಕೆ ಮಾರಾಯ? ಗ್ಯಾಸ್ ಬಂದ್ರೆ ನನ್ ಮೂಗಿಗೆ ಗೊತ್ತಾಗ್ತೈತೆ, ಸುಮ್ಕಿರು."

ಲೀಕ್ ಆದರೆ ಗೊತ್ತಾಗಲಿ ಅಂತ ಗ್ಯಾಸಿಗೆ ವಾಸನೆ ಬೆರೆಸಿರುತ್ತಾರಂತೆ ಅಣ್ಣ...
ಉರಿ ಸರಿಯಾಗಿ ಉರಿಯದಿದ್ದಾಗ ಹುಟ್ಟುವ ಈ ವಿಷಕ್ಕೆ ವಾಸನೆಯೇ ಇಲ್ಲವಂತೆ.
ನಿನ್ನ ಮೂಗಿಗೂ ಇಲ್ಲ. ಯಾರ ಮೂಗಿಗೂ ಇಲ್ಲ.

ಮೊದಲ ವಾರ ನೀಲಿಯಾಗಿದ್ದ ಉರಿ ಆಮೇಲೆ ಹಳದಿಯಾಗಿತ್ತು. ನಾನು ನೋಡಿದ್ದೆ. ಆಫೀಸಿಗೆ ಅಂಟಿಕೊಂಡೇ ಸ್ಟೋರು, ಕಾಫಿ ಸಿಪ್ಪೆಯ ಧೂಳೆಲ್ಲ ಹೋಗಿ ಬರ್ನರಿನ ತೂತುಗಳಲ್ಲಿ ಕೂತಿತ್ತು. ಜಾಲರಿಯ ಮೇಲೆ ಮಸಿ ಬೇರೆ. ಬಿಚ್ಚಿಸಿ ಕ್ಲೀನ್ ಮಾಡಿಸೋಣ ಅಂದೆ ನಾನು. "ಕೊಯ್ಲು ಮುಗೀಲಿ ತಡಿ" ಅಂದೆ ನೀನು. ನಾನೂ ಸುಮ್ಮನಾದೆ.

ನಾಲ್ಕು ದಿನದಿಂದ ತಲೆನೋವು ಅನ್ನುತ್ತಿದ್ದೆ ನೀನು... ಆಫೀಸಿನಲ್ಲಿ ಕೂತರೆ ಬರುತ್ತೆ, ತೋಟಕ್ಕೆ ಇಳಿದರೆ ಹೋಗುತ್ತೆ ಅಂತ.
ಪಿತ್ತ ಇರಬೇಕು, ನಿಂಬೆಹಣ್ಣಿನ ಪಾನಕ ಕುಡಿ ಅಂದವನು ನಾನು.
ಭಾನುವಾರ, ಮಂಜು ಒಳಗೆ ನುಗ್ಗುತ್ತದೆ ಎಂದು ಕಿಟಕಿಯ ಸಂದಿಗೆಲ್ಲ ಗೋಣಿಚೀಲ ತುರುಕಿದವನೂ ನಾನೇ ಅಣ್ಣ...

ಹಾಜರಿಗೆ ಬಂದ ಆಳುಗಳು ತಟ್ಟಿ ತಟ್ಟಿ, ಕೊನೆಗೆ ಬಾಗಿಲು ಒದ್ದು ತೆಗೆದರಂತೆ. ನೀನು ಮೇಜಿನ ಮೇಲೆ ತಲೆಯಿಟ್ಟಿದ್ದೆಯಂತೆ. ಜೀಪಿನಲ್ಲಿ ನಿನ್ನ ತಲೆ ನನ್ನ ತೊಡೆಯ ಮೇಲಿತ್ತು. ಹಾಸನ ಮುಟ್ಟುವ ಮೊದಲೇ ಹೋಗಿಬಿಟ್ಟೆ.

ಈಗ ಇದನ್ನು ಓದುತ್ತಿರುವವರಿಗೆ...

ನಾನು ತಂದ ಹೀಟರ್ ಒಂದಲ್ಲ, ಐದು. ಮಲ್ಲೇಶಣ್ಣನದು ನೋಡಿ ಇನ್ನೂ ನಾಲ್ಕು ಮನೆಯವರು ಬೇಕು ಅಂದರು, ತಂದುಕೊಟ್ಟೆ. ಮೂರು ಮನೆಯವರು ಫೋನ್ ಎತ್ತಿದರು. ಹಚ್ಚಬೇಡಿ, ಸಿಲಿಂಡರ್ ತೆಗೆದು ಹೊರಗಿಡಿ ಅಂದೆ. ಯಾಕೆ ಅಂದರು. ಸುಮ್ಮನೆ ಅಂದೆ.
"ಮಲ್ಲೇಶನ ಹಾರ್ಟಿಗೂ ನಮ್ ಹೀಟರಿಗೂ ಏನೋ ಸಂಬಂಧ" ಎಂದು ಒಬ್ಬರು ನಕ್ಕು ಫೋನ್ ಇಟ್ಟರು. ಅವರು ಹೀಟರ್ ಆಫ್ ಮಾಡಿದರೋ ಇಲ್ಲವೋ ಗೊತ್ತಿಲ್ಲ.

ನಾಲ್ಕನೆಯದು ಮಾರನಹಳ್ಳಿಯ ಕಾಂತಣ್ಣನ ಮನೆಯಲ್ಲಿದೆ.
ಬಾಣಂತಿ ಮಗಳ ಕೋಣೆಯಲ್ಲಿ...
ಗಾಳಿ ತಾಗಬಾರದೆಂದು ಕಿಟಕಿ, ಬಾಗಿಲು ಎಲ್ಲ ಹಾಕಿದ್ದಾರೆ. ಮಗುವಿಗೆ ಹದಿನೆಂಟು ದಿನ.
ಒಂದು ಗಂಟೆಯಿಂದ ಕಾಂತಣ್ಣನಿಗೆ ಫೋನ್ ಮಾಡುತ್ತಲೇ ಇದ್ದೇನೆ. ನಾಟ್ ರೀಚಬಲ್. ಮೆಸೇಜಿಗೆ ಒಂದೇ ಟಿಕ್. ಆ ಊರಿನ ಬೇರೆ ನಂಬರ್ ನನ್ನ ಹತ್ತಿರ ಇಲ್ಲ. ಸಹಿ ಆಗದೆ ಇಲ್ಲಿಂದ ನನ್ನನ್ನು ಬಿಡುತ್ತಿಲ್ಲ. ಎದ್ದು ಓಡಿದರೂ ಮಾರನಹಳ್ಳಿ ಮುಟ್ಟುವುದು ಯಾವಾಗ...

ಸುಶೀಲಕ್ಕ, ಕ್ಷಮಿಸಿ. ನಿಮಗೆ ಕೊಟ್ಟ ಮಾತು ಉಳಿಸಿಕೊಳ್ಳಲು ಆಗಲಿಲ್ಲ.

ಮಲ್ಲೇಶಣ್ಣನನ್ನು ಕೊಂದದ್ದು ಹೀಟರು.
ತಂದವನು ನಾನು.
ಬೈಯುವವರು ಆಮೇಲೆ ಬೈಯಿರಿ.

ಮಾರನಹಳ್ಳಿ ಕಡೆ ಯಾರಿದ್ದೀರಿ... ಇಲ್ಲಿ ಕೈಮುಗಿಯುವ ಇಮೋಜಿ ಹಾಕುತ್ತಾ ಕೂರಬೇಡಿ, ಕಾಂತಣ್ಣನ ಮನೆಗೆ ಓಡಿ. ಬಾಗಿಲು ತೆಗೆಸಿ ತಾಯಿ ಮಗು ಇಬ್ಬರನ್ನೂ ಹೊರಗೆ ಕರೆದುಕೊಂಡು ಬನ್ನಿ. ಬಾಣಂತಿ ಕೋಣೆ, ಗಂಡಸರು ಬರಬಾರದು ಎಂದು ಯಾರು ತಡೆದರೂ ನಿಲ್ಲಬೇಡಿ.
ಇಬ್ಬರೂ ಚೆನ್ನಾಗಿದ್ದಾರೆ ಎಂದು ಕೆಳಗೆ ಒಂದು ಕಾಮೆಂಟ್ ಹಾಕಿ. ಕಾಯುತ್ತಿದ್ದೇನೆ...

ಹೋಗಿ ಬಾ ಮಲ್ಲೇಶಣ್ಣ.
ನಿನ್ನ ಜೀವಕ್ಕಾದರೂ ನೆಮ್ಮದಿ ಸಿಗಲಿ.