ಬಾಗಿನದ ಮೊರದಲ್ಲಿ ಒಂದು ಟಾರ್ಚು

ಮಂಗಳಕ್ಕ, ಆ ಟಾರ್ಚಿನೊಳಗೆ ಇರಬೇಕಾಗಿದ್ದ ಬಿಲ್ಲೆಯನ್ನು ನಾನು ಹಾಕಿರಲಿಲ್ಲ. ನಿಮ್ಮ ಕೈ ಸುಟ್ಟಿದ್ದು ಅದರಿಂದ. ನಿಮ್ಮ ತಮ್ಮ ಹರೀಶನ ತಪ್ಪು ಅದರಲ್ಲಿ ಎಳ್ಳಷ್ಟೂ ಇರಲಿಲ್ಲ, ನಿಮ್ಮದಂತೂ ಮೊದಲೇ ಇಲ್ಲ. ಇಷ್ಟು ಹೇಳಲು ಇಷ್ಟು ವರ್ಷ ತೆಗೆದುಕೊಂಡೆ — ನೀವು ಮೊನ್ನೆ ಮಗಳು ಚೈತ್ರಳ ಮದುವೆಯ ಮಾತೆತ್ತದೆ ಇದ್ದಿದ್ದರೆ ಈಗಲೂ ಬಾಯಿ ಬಿಡುತ್ತಿರಲಿಲ್ಲ. ನನ್ನ ಬುದ್ಧಿ ನನಗೆ ಗೊತ್ತು.

ಯಾವ ಬಿಲ್ಲೆ ಎಂದು ನೀವು ಕೇಳಬಹುದು. ಅದನ್ನು ಹೇಳುವ ಮೊದಲು ನಮ್ಮ ಹುಚ್ಚಿನ ಬಗ್ಗೆ ಹೇಳಬೇಕು.

ಫೋನಿನಲ್ಲಿ ನಮ್ಮದೊಂದು ಗುಂಪಿತ್ತು. ಪುಟ್ಟ ಪುಟ್ಟ ಟಾರ್ಚು ಮಾಡುವುದು, ಬಿಚ್ಚುವುದು, ಮತ್ತೆ ಜೋಡಿಸುವುದು, ಫೋಟೋ ಹಾಕಿ ಒಬ್ಬರ ಬೆನ್ನು ಒಬ್ಬರು ತಟ್ಟಿಕೊಳ್ಳುವುದು. ಮನೆಯವರಿಗೆಲ್ಲ ನಾವು ಕೆಲಸಕ್ಕೆ ಬಾರದವರು. ಹೊಸಕೋಟೆಯ ಮೇಷ್ಟ್ರೊಬ್ಬರು ಎಲ್‌ಇಡಿ ತರಿಸಿ ಕೊಡುತ್ತಿದ್ದರು. ನೆಲಮಂಗಲದಲ್ಲಿ ವಾಚ್ ರಿಪೇರಿ ಮಾಡುವವರು ಮುಂದಿನ ಗಾಜನ್ನು ಉಜ್ಜಿ ಹದ ಮಾಡುತ್ತಿದ್ದರು. ಹರೀಶ ದಾಬಸ್‌ಪೇಟೆಯ ಫ್ಯಾಕ್ಟರಿಯೊಂದರಲ್ಲಿ ಎಲೆಕ್ಟ್ರಿಷಿಯನ್. ಕುಂದಾಣದಿಂದ ಬೈಕಿನಲ್ಲಿ ಹೋಗಿಬರುವಾಗ ದೊಡ್ಡಬಳ್ಳಾಪುರದ ನನ್ನ ಲೇತ್ ಅಂಗಡಿಯಲ್ಲಿ ಟೀ ಕುಡಿಯದೆ ಮುಂದೆ ಹೋದವನೇ ಅಲ್ಲ. ಒಳಗಿನ ಕರೆಂಟಿನ ಕೆಲಸ ಅವನದು, ಹೊರಗಿನ ಲೋಹದ ಕೆಲಸ ನನ್ನದು. ಹಗಲೆಲ್ಲ ಮಗ್ಗದ ಬಿಡಿಭಾಗ ಕೊರೆದು ಬೇಸತ್ತ ನನಗೆ ಅದೊಂದೇ ಖುಷಿ ಇತ್ತು ಅಕ್ಕ, ಅದನ್ನು ಸುಳ್ಳು ಎನ್ನಲಾರೆ.

ಒಂದು ಸಂಜೆ ಅವನು ಟೀ ಕುಡಿಯುತ್ತ ನಿಮ್ಮ ವಿಷಯ ತೆಗೆದ. ಕಪ್ಪು ಸೀರೆ ಮಗ್ಗದ ಮೇಲಿದ್ದಾಗ ಹಾಸಿನ ಎಳೆ ಕಡಿದರೆ ನಿಮಗೆ ಕಾಣುವುದಿಲ್ಲವಂತೆ, ಗಂಟು ಹಾಕಲು ಎರಡೂ ಕೈ ಬೇಕು, ಬೆಳಕು ಹಿಡಿಯಲು ಮೂರನೆಯ ಕೈ ಇಲ್ಲ. "ಅಕ್ಕ ಫೋನ್ ಬಾಯಲ್ಲಿ ಕಚ್ಕೊಂಡು ಎಳೆ ಹುಡುಕ್ತಾಳೆ ಕಣೋ ನಾಗ, ನೋಡಕ್ಕಾಗಲ್ಲ" ಎಂದ. ಹಲ್ಲಿನಲ್ಲಿ ಹಗುರವಾಗಿ ಕಚ್ಚಿಕೊಳ್ಳುವಂಥ, ಬೆರಳಿನ ತುದಿಯಷ್ಟೇ ಇರುವ ಟಾರ್ಚು ಮಾಡಿ, ಆ ಸಲದ ಗೌರಿ ಹಬ್ಬಕ್ಕೆ ನಿಮ್ಮ ಬಾಗಿನದ ಮೊರದಲ್ಲಿ ಇಡಬೇಕೆಂದು ಅವನ ಆಸೆ. ಗುಂಪಿನಲ್ಲಿ ಹೇಳಿದ್ದೇ ತಡ, ಎಲ್ಲರೂ ಕೈ ಹಾಕಿದರು. ಮೇಷ್ಟ್ರು ಕಣ್ಣಿಗೆ ಹಿತವಾದ ಹಳದಿ ಬೆಳಕಿನ ಎಲ್‌ಇಡಿ ಹುಡುಕಿದರು. ಯಾರೋ ಒಂದು ತುಂಡು ಒಳ್ಳೆಯ ತಾಮ್ರದ ಸರಳು ಕೊರಿಯರ್ ಮಾಡಿದರು. ನಿಮ್ಮನ್ನು ಕಂಡೇ ಇರದ ಜನ ನಿಮಗಾಗಿ ಅಷ್ಟು ತಲೆ ಕೆಡಿಸಿಕೊಂಡರು.

ಆ ಬಿಲ್ಲೆ ಬಂದಿದ್ದು ಹರೀಶನಿಂದ. ಅಂಥ ಚಿಕ್ಕ ಬ್ಯಾಟರಿ ಪೂರ್ತಿ ಬರಿದಾದರೆ ಒಳಗೇ ಕೆಡುತ್ತದೆ, ಆಮೇಲೆ ಚಾರ್ಜ್ ಮಾಡಿ ಬಳಸಿದರೆ ಯಾವಾಗ ಸಿಡಿಯುತ್ತದೋ ಹೇಳಲಾಗದು. ಬರಿದಾಗುವ ಮೊದಲೇ ಕರೆಂಟು ತಡೆಯಲು ಒಂದು ಪುಟ್ಟ ದುಂಡು ಬಿಲ್ಲೆ ಇರುತ್ತದೆ, ಅಕ್ಕಿಕಾಳಿನಷ್ಟು ದಪ್ಪ. ಅದನ್ನು ಕೊಳವೆಯ ತಳದಲ್ಲಿ ಕೂರಿಸಿ, ಮೇಲೆ ಬ್ಯಾಟರಿ ಇಳಿಸಿ, ಮುಚ್ಚಳ ತಿರುಗಿಸಬೇಕು. ಬಿಲ್ಲೆಯನ್ನು ಹರೀಶ ತಾನೇ ಬೆಸುಗೆ ಹಾಕಿ, ಪರೀಕ್ಷಿಸಿ, ಹತ್ತಿಯಲ್ಲಿ ಸುತ್ತಿ ತಂದುಕೊಟ್ಟ. ಬಾಯಲ್ಲಿ ಕಚ್ಚಿಕೊಳ್ಳುವ ವಸ್ತು, ಇದಿಲ್ಲದೆ ಆಗಲೇಬಾರದು ಎಂದು ಹೇಳಿ ಹೋದ. ನಾನೂ ತಲೆಯಾಡಿಸಿದೆ.

ಮರುದಿನ ಲೇತಿನ ಮೇಲೆ ತಾಮ್ರ ಏರಿಸಿದೆ. ಎದುರಿಗೆ ಫೋನು ನಿಲ್ಲಿಸಿ ವಿಡಿಯೋ ಹಚ್ಚಿದ್ದೆ — ಗುಂಪಿಗೆ ತೋರಿಸಬೇಕಲ್ಲ, ನಾಗರಾಜನ ಕೈ ಎಂಥದ್ದು ಎಂದು! ತಾಮ್ರ ಸುರುಳಿಯಾಗಿ ಬೀಳುವುದು ಸ್ಕ್ರೀನಿನಲ್ಲಿ ಚೆನ್ನಾಗಿ ಕಾಣುತ್ತಿದೆಯೇ ಎಂದು ನೋಡುತ್ತಿದ್ದೆ. ಅಳತೆ ನೋಡಬೇಕಾದ ಕಣ್ಣು ಅಲ್ಲಿತ್ತು. ಕತ್ತರಿಸಿ ಕೈಗೆ ತೆಗೆದುಕೊಂಡಾಗ ಕೊಳವೆ ಗಿಡ್ಡವಾಗಿತ್ತು. ಹೆಚ್ಚೇನಲ್ಲ, ಬಿಲ್ಲೆಯ ದಪ್ಪದಷ್ಟು. ಬಿಲ್ಲೆ ಹಾಕಿದರೆ ಮುಚ್ಚಳ ಪೂರ್ತಿ ಕೂರದೆ ತಿರುಪಿನ ಸುತ್ತುಗಳು ಹೊರಗೆ ಕಾಣುತ್ತಿದ್ದವು, ಅಸಹ್ಯವಾಗಿ. ಬಿಲ್ಲೆ ತೆಗೆದು ಒಂದು ತೆಳು ಹಿತ್ತಾಳೆ ತಗಡು ಇಟ್ಟರೆ — ಸರಿಯಾಗಿ ಕೂತಿತು. ಕೂದಲೂ ತೂರದಂತೆ ಕೂತಿತು.

ಇನ್ನೊಂದು ಸರಳು ತರಿಸಬಹುದಿತ್ತು. ತಾಮ್ರವೇ ಆಗಬೇಕೆಂದೇನಿತ್ತು, ಅಂಗಡಿಯಲ್ಲಿ ಹಿತ್ತಾಳೆ ಬಿದ್ದಿತ್ತು. ತಪ್ಪಾಯಿತು ಕಣ್ರೋ ಎಂದು ಗುಂಪಿನಲ್ಲಿ ಬರೆದಿದ್ದರೆ ನಾಲ್ಕು ಜನ ನಗುತ್ತಿದ್ದರು, ಅಷ್ಟೇ. ಆ ನಾಲ್ಕು ಜನರ ನಗುವಿಗೆ ಹೆದರಿದೆ ಅಕ್ಕ. ಅಂದುಕೊಂಡಿದ್ದಕ್ಕಿಂತ ಗಿಡ್ಡ ಮಾಡಿದ್ದೇನೆ, ನೋಡಿ ಎಂದು ಫೋಟೋ ಹಾಕಿದೆ. ಹೊಗಳಿಕೆಯೋ ಹೊಗಳಿಕೆ. ಬಿಲ್ಲೆ ಹೇಗೆ ಹಿಡಿಸಿತು ಎಂದು ಮೇಷ್ಟ್ರು ಕೇಳಿದರು. ಕೈಚಳಕ ಎಂದು ಬರೆದೆ.

ಹರೀಶ ಬಿಚ್ಚಿ ನೋಡಲಿಲ್ಲ. ನಾನು ಕೊಟ್ಟಿದ್ದನ್ನು ಅವನು ಯಾಕೆ ಬಿಚ್ಚಿ ನೋಡುತ್ತಾನೆ? ಅರಿಶಿನ, ಕುಂಕುಮ, ಹಸಿರು ಬಳೆ, ರವಿಕೆ ಕಣದ ನಡುವೆ ಅದನ್ನಿಟ್ಟು ನಿಮ್ಮ ಮನೆಗೆ ತಂದ. ನೀವು ಅದನ್ನು ಕರಿಮಣಿಯ ಜೊತೆಗೇ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರಿ, ಮಗ್ಗದವರಿಗೆಲ್ಲ ತೋರಿಸಿದಿರಿ. ನನ್ನ ಅಂಗಡಿಗೂ ಬಂದು ಒಬ್ಬಟ್ಟು ಕೊಟ್ಟು ಹೋದಿರಿ. ಆಗಲಾದರೂ — ಆಗ ಅದು ನಿಮ್ಮ ಕೊರಳಲ್ಲೇ ಇತ್ತು. ನಾನು ಒಬ್ಬಟ್ಟು ತಿಂದೆ.

ಮುಂದಿನದು ನಿಮಗೆ ಗೊತ್ತು. ಒಂದು ದಿನ ಆರಿಸಲು ಮರೆತಿರಿ, ಬ್ಯಾಟರಿ ಪೂರ್ತಿ ಬರಿದಾಯಿತು. ಹರೀಶ ಕೊಟ್ಟಿದ್ದ ಚಾರ್ಜರಿನಲ್ಲೇ ಚಾರ್ಜ್ ಮಾಡಿದಿರಿ, ಮರುದಿನ ಮಗ್ಗದ ಮುಂದೆ ಹೊತ್ತಿಸಿದಿರಿ. ಸದ್ಯ, ಸಿಡಿದಾಗ ಕೈಯಲ್ಲಿತ್ತು. ಬಾಯಲ್ಲಿದ್ದಿದ್ದರೆ ಎಂದು ಎಷ್ಟೋ ಸಲ ಊಟಕ್ಕೆ ಕೂತಾಗ ನೆನಪಾಗಿ ತುತ್ತು ಕೆಳಗಿಟ್ಟಿದ್ದೇನೆ.

ನೀವು ಆಸ್ಪತ್ರೆಯಲ್ಲಿದ್ದಾಗ ಹರೀಶ ಆ ಸುಟ್ಟ ಕೊಳವೆಯನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ನನ್ನ ಅಂಗಡಿಗೆ ಬಂದ. ಒಳಗೆಲ್ಲ ಮಸಿ, ಏನೂ ಗೊತ್ತಾಗುವಂತಿರಲಿಲ್ಲ. ಅವನು ಕೊಳವೆ ನೋಡಲಿಲ್ಲ, ನನ್ನ ಮುಖ ನೋಡಿದ.

"ನಾಗ, ಬಿಲ್ಲೆ ಹಾಕಿದ್ದೆ ತಾನೇ?"

"ಹಾಕಿದ್ದೆ ಕಣೋ."

ಇಷ್ಟೇ ಮಾತು. ಬಿಲ್ಲೆ ಆಗ ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು, ಹತ್ತಿಯಲ್ಲಿ ಸುತ್ತಿ ಅವನು ಕೊಟ್ಟ ಹಾಗೆಯೇ.

ಅವನು ನಂಬಿದ. ನಂಬಿದ್ದರಿಂದಲೇ ಎಲ್ಲ ಕೆಟ್ಟಿತು. ಬಿಲ್ಲೆ ಇದ್ದ ಮೇಲೆ ಬ್ಯಾಟರಿ ಬರಿದಾಗಲು ಸಾಧ್ಯವಿಲ್ಲ. ಹಾಗಾದರೆ ಅಕ್ಕನೇ ಬೇರೆ ಯಾವುದೋ ಚಾರ್ಜರಿಗೆ ಹಾಕಿರಬೇಕು — ಅವನ ತಲೆ ಓಡಿದ್ದು ಹಾಗೆ, ಓಡಬೇಕಾದದ್ದೂ ಹಾಗೆಯೇ. ತಮ್ಮ ಬಾಗಿನದಲ್ಲಿ ಬಾಂಬು ಕೊಟ್ಟ ಎಂದು ನಿಮ್ಮ ಅತ್ತೆ ಆಸ್ಪತ್ರೆಯ ವರಾಂಡದಲ್ಲಿ ರಂಪ ಮಾಡುತ್ತಿದ್ದರು. ಅವನಿಗೂ ಸಿಟ್ಟು ನೆತ್ತಿಗೇರಿತು. ನನ್ನ ಕೆಲಸದಲ್ಲಿ ತಪ್ಪಿಲ್ಲ, ಇವಳೇ ಏನೋ ಎಡವಟ್ಟು ಮಾಡಿಕೊಂಡು ಮುಚ್ಚಿಡುತ್ತಿದ್ದಾಳೆ ಎಂದುಬಿಟ್ಟ, ನಿಮ್ಮ ಯಜಮಾನರ ಎದುರಿಗೇ. ನೀನು ಕೊಟ್ಟ ಚಾರ್ಜರಿಗೇ ಹಾಕಿದ್ದು ಎಂದಿರಿ ನೀವು. ಸುಳ್ಳು ಹೇಳಬೇಡ ಅಂದ ಅವನು. ಬ್ಯಾಂಡೇಜು ಸುತ್ತಿದ ಕೈ ಮಡಿಲಲ್ಲಿಟ್ಟುಕೊಂಡು ನೀವು ಅವನನ್ನೇ ನೋಡಿದಿರಿ, ಆಮೇಲೆ ಗೋಡೆಯ ಕಡೆ ತಿರುಗಿದಿರಿ. ಬಾಗಿಲಲ್ಲಿ ಎಳನೀರು ಹಿಡಿದುಕೊಂಡು ನಿಂತಿದ್ದವನು ನಾನು. ಒಂದು ಮಾತು ಸಾಕಿತ್ತು.

ಕೈ ವಾಸಿಯಾಯಿತು. ಹೆಬ್ಬೆರಳು, ತೋರುಬೆರಳಿನ ತುದಿಯ ಸ್ಪರ್ಶ ಮಾತ್ರ ಹೋಗಿಬಿಟ್ಟಿತು. ಎಳೆ ಸಿಕ್ಕಿತೋ ಇಲ್ಲವೋ ಗೊತ್ತಾಗದವರಿಗೆ ಗಂಟು ಹಾಕುವ ಕೆಲಸ ಯಾರು ಕೊಡುತ್ತಾರೆ? ನಿಮ್ಮನ್ನು ಸೀರೆ ಮಡಿಸಲು ಕೂರಿಸಿದರು. ಹರೀಶ ಬೆಸುಗೆ ಸಾಮಾನು ಯಾರಿಗೋ ಕೊಟ್ಟು ಗುಂಪಿನಿಂದ ಹೊರಬಿದ್ದ. ನಾನು ಬಹಳ ದಿನ ಗುಂಪಿನಲ್ಲೇ ಇದ್ದೆ. ಅದನ್ನೂ ಹೇಳಿಬಿಡುತ್ತೇನೆ.

ಇನ್ನೂ ಕೆಟ್ಟದ್ದು ಆಮೇಲಿನದು. ಮುಂದಿನ ಗೌರಿ ಹಬ್ಬಕ್ಕೆ ಅವನು ಮೊರ ಹಿಡಿದು ನಿಮ್ಮ ಮನೆಗೆ ಬಂದ. ನೀವು ಕದ ತೆಗೆಯಲಿಲ್ಲ. ಅವನು ಸೀದಾ ನನ್ನ ಅಂಗಡಿಗೆ ಬಂದು, ಲೇತಿನ ಪಕ್ಕದಲ್ಲಿ ಮೊರ ಇಟ್ಟು, ನೀನು ಕೊಟ್ಟು ಬಾ, ನನ್ನ ಹೆಸರು ಎತ್ತಬೇಡ, ಎತ್ತಿದರೆ ತಗೊಳ್ಳಲ್ಲ ಎಂದ. ನಾನು ಹೊತ್ತು ತಂದೆ. ಯಾರು ಕಳಿಸಿದ್ದು ಎಂದು ನೀವು ಕೇಳಿದಿರಿ. ನಾನೇ ತಂದೆ ಅಕ್ಕ ಎಂದೆ. ನೀವು ಮೊರವನ್ನು ಕಣ್ಣಿಗೊತ್ತಿಕೊಂಡು ಅತ್ತಿರಿ.

"ತವರಿನ ಋಣ ಮುಗೀತು ಅಂದ್ಕೊಂಡಿದ್ದೆ. ಇನ್ಮೇಲೆ ನಂಗೆ ತಮ್ಮ ಅಂದ್ರೆ ನೀನೇ ಕಣಪ್ಪ."

ಆವತ್ತಿನಿಂದ ಪ್ರತಿ ಗೌರಿಗೂ ಹೀಗೆಯೇ. ಅವನು ಬಳೆಯಂಗಡಿಯಲ್ಲಿ ನಿಂತು ನಿಮ್ಮ ಕೈ ಅಳತೆ ನೆನಪಿಸಿಕೊಂಡು ಆರಿಸುವುದು, ನಾನು ಹೊತ್ತು ತಂದು ಕೊಡುವುದು, ನೀವು ನನಗೆ ಎಲೆ ಹಾಕಿ ಬಡಿಸುವುದು. ಸಂಜೆ ಅವನು ಬಂದು ತಗೊಂಡಳಾ ಎಂದಷ್ಟೇ ಕೇಳುತ್ತಿದ್ದ. ತಗೊಂಡ್ರು ಎನ್ನುತ್ತಿದ್ದೆ. ಒಂದು ವರ್ಷ, ಬಳೆ ಆಗಲೇ ತೊಟ್ಟುಕೊಂಡಳಾ ಎಂದೂ ಕೇಳಿದ. ನನಗೆ ಆ ಮನೆ, ಆ ಊಟ, ನಿಮ್ಮ ಬಾಯಲ್ಲಿ ತಮ್ಮ ಎನಿಸಿಕೊಳ್ಳುವುದು — ಹಿತವಾಗಿಯೇ ಇತ್ತು ಅಕ್ಕ. ಒಡಹುಟ್ಟಿದವರಿಲ್ಲದ ನಾನು ಅವನ ಜಾಗದಲ್ಲಿ ಆರಾಮಾಗಿ ಕೂತುಬಿಟ್ಟೆ. ಮೊದಲಿನದು ಹೆದರಿ ಮಾಡಿದ್ದು. ಇದು ಹೆದರಿ ಮಾಡಿದ್ದಲ್ಲ.

ಮೊನ್ನೆ ನೀವು ಚೈತ್ರಳ ಮದುವೆಗೆ ಕರೆಯಲು ಬಂದಿರಿ. ಸೋದರಮಾವನಾಗಿ ಹುಡುಗಿಯ ಕೈ ಹಿಡಿದು ಹಸೆಮಣೆಗೆ ಕರೆತರುವವನು ನೀನೇ, ಹೊಸ ಪಂಚೆ ಶಲ್ಯ ತಂದಿಟ್ಟಿದ್ದೇನೆ ಎಂದಿರಿ. ನಾನು ಆಗಲಿ ಅಕ್ಕ ಎಂದೆ. ಎಂದುಬಿಟ್ಟೆ! ನೀವು ಹೋದ ಮೇಲೆ ಡ್ರಾಯರು ಎಳೆದು ಆ ಹತ್ತಿಯ ಉಂಡೆ ತೆಗೆದೆ.

ನಿನ್ನೆ ಸಂಜೆ ಹರೀಶ ಎಂದಿನಂತೆ ಟೀಗೆ ನಿಂತ. ಬಿಲ್ಲೆಯನ್ನು ಅವನ ಅಂಗೈಯಲ್ಲಿಟ್ಟು ಎಲ್ಲ ಹೇಳಿದೆ. ತನ್ನ ಬೆಸುಗೆ ಅವನಿಗೆ ಗುರುತು ಸಿಕ್ಕಿತು. ಹೊಡೆಯುತ್ತಾನೆಂದುಕೊಂಡಿದ್ದೆ, ಹೊಡೆಯಲಿಲ್ಲ. ನನಗೆ ಹೇಳಿದನೋ ತನಗೇ ಹೇಳಿಕೊಂಡನೋ —

"ನಾನು ಅವಳ್ನ ಸುಳ್ಳಿ ಅಂದ್ಬಿಟ್ಟೆನಲ್ಲೋ."

ಟೀ ಹಾಗೇ ಬಿಟ್ಟು ಎದ್ದ. ಅಕ್ಕನಿಗೆ ನೀನೇ ಹೇಳಬೇಕು, ನಾನು ಹೇಳಿದರೆ ಅವಳು ನಂಬುವುದಿಲ್ಲ ಎಂದು ಹೋದ. ಇನ್ನು ಅವನು ನನ್ನ ಅಂಗಡಿಯ ಮುಂದೆ ಬೈಕು ನಿಲ್ಲಿಸುವುದಿಲ್ಲ.

ನಾಳೆ ನಿಮ್ಮ ಮನೆಗೆ ಬರುತ್ತೇನೆ. ನಿಮ್ಮ ಯಜಮಾನರು, ನಿಮ್ಮ ಅತ್ತೆ — ಆವತ್ತು ಆಸ್ಪತ್ರೆಯಲ್ಲಿ ಇದ್ದವರೆಲ್ಲರ ಎದುರಿಗೆ ಇದನ್ನು ಓದಿ ಹೇಳುತ್ತೇನೆ. ಬರೆದುಕೊಳ್ಳದೆ ಬಂದರೆ ನನ್ನ ನಾಲಗೆ ಮತ್ತೆ ಎಲ್ಲಿ ಹೊರಳುತ್ತದೋ ಹೇಳಲಾಗದು. ಕ್ಷಮಿಸಿ ಎಂದು ಕೇಳುವುದಿಲ್ಲ. ಮದುವೆಗೂ ಬರುವುದಿಲ್ಲ. ಆ ಪಂಚೆ ಶಲ್ಯ ಹರೀಶನಿಗೆ ಕೊಡಿ.

ಇನ್ನೊಂದೇ ಮಾತು. ಮೊನ್ನೆ ಕರೆಯಲು ಬಂದಾಗ ಕೈ ಮುಂದೆ ಚಾಚಿ, ಹೋದ ಗೌರಿಗೆ ನೀನು ಕೊಟ್ಟ ಬಳೆ ಒಂದೂ ಒಡೆದಿಲ್ಲ ನೋಡು ಎಂದು ತೋರಿಸಿದಿರಿ. ಅದು ನಾನು ಕೊಟ್ಟಿದ್ದಲ್ಲ ಅಕ್ಕ. ಅದನ್ನು ನಿಮ್ಮ ತಮ್ಮ ತಂದಿದ್ದು.