ಎರಡೆರಡು ಬೇಡ, ಒಂದು ಹೇಳಿ

ಎಪ್ಪತ್ತರ ದಶಕದ ಕೊನೆಯಲ್ಲಿ, ವಿಜಯನಗರದ ನಮ್ಮ ವಠಾರದ ಪಕ್ಕದ ಮನೆಯಾಕೆಗೆ ಎರಡು ಮಾತಿನವರನ್ನು ಕಂಡರಾಗುತ್ತಿರಲಿಲ್ಲ. ಸೊಪ್ಪಿನಜ್ಜಿ ಬೀದಿಯಲ್ಲಿ ಒಂದು ಬೆಲೆ ಕೂಗಿ ಬಾಗಿಲಲ್ಲಿ ಇನ್ನೊಂದು ಹೇಳಿದರೆ, ಆಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಎರಡೆರಡು ಬೇಡ, ಒಂದು ಹೇಳಿ" ಎನ್ನುತ್ತಿದ್ದರು. ಗಂಡನಿಗೂ ಅದೇ ಮಾತು.

ಮದುವೆಯಾಗಿ ವರ್ಷಗಳಾದರೂ ಆಕೆಗೆ ಮಕ್ಕಳಾಗಿರಲಿಲ್ಲ. ಎದುರುಮನೆಯ ನಾಮಕರಣದಲ್ಲಿ ಆಕೆ ತೊಟ್ಟಿಲಿಗೆ ಕೈ ಹಾಕಿದಾಗ ತಡೆದದ್ದು ಸ್ವಂತ ಅತ್ತೆ. "ಬಂಜೆ ತೂಗಬಾರದು." ಅಷ್ಟರಲ್ಲಿ ಆಕೆಯ ರವಿಕೆ ಎದೆಯ ಬಳಿ ಒದ್ದೆಯಾಗಿದ್ದು ಎಲ್ಲರ ಕಣ್ಣಿಗೆ ಬಿತ್ತು. ಹಾಲು! ಅಷ್ಟು ಹೆಂಗಸರ ಮುಂದೆಯೇ ಅತ್ತೆ, "ಮದ್ವೆಗೆ ಮುಂಚೆ ಎಲ್ಲಿ ಹೆತ್ತು ಬಂದೆ?" ಎಂದರು. ಆದರೂ ಕೋಸಂಬರಿ ಎಲ್ಲರ ಗಂಟಲಲ್ಲೂ ಸಲೀಸಾಗಿ ಇಳಿಯಿತು.

ಆಕೆ ಸೆರಗು ಸಿಕ್ಕಿಸಿದರು. "ನಾನು ಬಂಜೆನೋ, ಹೆತ್ತೋಳೋ? ಒಂದು ಹೇಳಿ, ಅತ್ತೆ."

ಅತ್ತೆ ಹೇಳಲಿಲ್ಲ. ಹೇಳಿದ್ದು ಲೇಡಿ ಡಾಕ್ಟರು. ಆಕೆಯ ಜೊತೆ ನಾನೂ ಹೋಗಿದ್ದೆ. "ಹಾಲು ಬರಿಸೋ ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನು ನಿನ್ನ ಮೈಯಲ್ಲಿ ಜಾಸ್ತಿಯಾಗಿದೆ ಕಣಮ್ಮ. ಹೆರದೇ ಇದ್ರೂ ಹಾಲು ಬರೋದು ಅದ್ರಿಂದ್ಲೇ, ಮುಟ್ಟು ನಿಂತು ಮಗು ಆಗ್ದೇ ಇರೋದೂ ಅದ್ರಿಂದ್ಲೇ. ಎರಡೂ ಒಂದೇ ಕಾಯಿಲೆ."

ಮನೆಗೆ ಬಂದು ಇದನ್ನೇ ಹೇಳಿದರೆ ಅತ್ತೆ, "ಹಂಗಾದ್ರೆ ಕಾಯಿಲೆಯೋಳನ್ನ ನಮ್ಮ ತಲೆಗೆ ಕಟ್ಟಿದ್ರು ಅನ್ನು!" ಎಂದರು. ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಆಕೆ ಮತ್ತೆ ಸೆರಗು ಸಿಕ್ಕಿಸಿದರು. "ಡಾಕ್ಟರು ಒಂದು ಹೇಳಾಯ್ತು. ಇನ್ಮೇಲೆ ನೀವು ಒಂದೂ ಹೇಳ್ಬೇಡಿ."